ಪಕ್ಕದ ತೋಟದ ಹಿರಿಯರು: ವಾರ್ವಿಕ್‌ಷೈರಿನ ಒಬ್ಬ ಕಲ್ಲಿದ್ದಲು ಕಾರ್ಮಿಕನ ಬದುಕು

ಊರಿನಿಂದ ನೆಂಟರು ಬಂದಾಗ ಲೆಮಿಂಗ್ಟನ್ ಸ್ಪಾದಲ್ಲಿ ನಾವು ಅವರಿಗೆ ತೋರಿಸುವ ಜಾಗಗಳು ಕೆಲವೇ. ಜೆಫ್ಸನ್ ಗಾರ್ಡನ್ಸ್, ಪರೇಡಿನ ಬಿಳಿಯ ಕಟ್ಟಡಗಳು, 1814ರಲ್ಲಿ ತೆರೆದ ಪಂಪ್ ರೂಮ್ಸ್. ಇಲ್ಲಿನ ಉಪ್ಪುನೀರು ಕುಡಿದು, ಅದರಲ್ಲಿ ಮಿಂದು ಕಾಯಿಲೆ ವಾಸಿಮಾಡಿಕೊಳ್ಳಲು ಶ್ರೀಮಂತರು ಬರುತ್ತಿದ್ದ ಊರು ಇದು. ಅದೇ ನೆಂಟರನ್ನು ಕಾರಿನಲ್ಲಿ ಕೂರಿಸಿಕೊಂಡು ಕಾವೆಂಟ್ರಿಯ ಆಚೆಗೆ, ಉತ್ತರ ದಿಕ್ಕಿಗೆ ಮುಕ್ಕಾಲು ಗಂಟೆ ಹೋದರೆ ಸಿಗುವ ಕೆರ್ಸ್‌ಲಿ, ಬೆಡ್ವರ್ತ್, ನನೀಟನ್, ಆರ್ಲಿಗಳನ್ನು ಯಾರೂ ತೋರಿಸುವುದಿಲ್ಲ. ಆ ಊರುಗಳ ನೆಲದಡಿಯಿಂದ ಶತಮಾನಗಳ ಕಾಲ ಕಲ್ಲಿದ್ದಲು ಮೇಲೆ ಬಂದಿತು. ಪಂಪ್ ರೂಮ್ಸ್ ನೋಡಲು ಬಂದವರ ಕೋಣೆಗಳನ್ನು ಬೆಚ್ಚಗಿಟ್ಟದ್ದೂ ಕಲ್ಲಿದ್ದಲೇ.

ಈ ಲೇಖನ ಆ ಗಣಿಗಳ ಚರಿತ್ರೆ. ಅದನ್ನು ನಾನು ಒಬ್ಬ ಹಿರಿಯರ ಬದುಕಿನ ಮೂಲಕ ಹೇಳುತ್ತೇನೆ. ಅವರು ನನ್ನ ರೋಗಿಯಾಗಿರಲಿಲ್ಲ. ಪುರಸಭೆಯವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಅಲಾಟ್‌ಮೆಂಟಿನಲ್ಲಿ ನನ್ನ ತುಂಡಿನ ಪಕ್ಕದ ತುಂಡು ಅವರದು. ಅವರ ಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು, ಹಾಗಾಗಿ ಹಿರಿಯರು ಎಂದೇ ಕರೆಯುತ್ತೇನೆ.

ಗಣಿಯ ಹಿನ್ನೆಲೆ

ವಾರ್ವಿಕ್‌ಷೈರಿನ ಕಲ್ಲಿದ್ದಲು ಪ್ರದೇಶ ಕಾವೆಂಟ್ರಿಯ ಉತ್ತರದಿಂದ ಟ್ಯಾಮ್‌ವರ್ತ್ ಕಡೆಗೆ ಹಬ್ಬಿದೆ. ನನೀಟನ್ ಬಳಿಯ ಗ್ರಿಫ್ ಗಣಿಯಲ್ಲಿ ನೀರೆತ್ತಲು ನ್ಯೂಕಾಮನ್ ಉಗಿಯಂತ್ರವನ್ನು 1710ರ ದಶಕದಲ್ಲಿಯೇ ಕೂರಿಸಿದ್ದರು. ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ 1819ರಲ್ಲಿ ಹುಟ್ಟಿದ್ದು ಅಲ್ಲೇ ಹತ್ತಿರದ ಆರ್ಬರಿ ಎಸ್ಟೇಟಿನಲ್ಲಿ. ಆಕೆಯ ಬಾಲ್ಯ ಗ್ರಿಫ್ ಹೌಸಿನಲ್ಲಿ, ಕಲ್ಲಿದ್ದಲು ಹೊತ್ತ ದೋಣಿಗಳು ಸಾಗುವ ಕಾಲುವೆಗಳ ನೆರೆಯಲ್ಲಿ ಕಳೆಯಿತು.

ಆ ಕಾಲದಲ್ಲಿ ಗಣಿಯೊಳಗೆ ಹೆಂಗಸರೂ ಮಕ್ಕಳೂ ದುಡಿಯುತ್ತಿದ್ದರು. 1842ರ ಕಾನೂನು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸದಿಂದ ಬಿಡಿಸಿತು. ಅಪಾಯ ಮಾತ್ರ ಉಳಿಯಿತು. 1882ರ ಮೇ 2ರಂದು ಬ್ಯಾಡೆಸ್ಲಿ ಗಣಿಯಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಒಳಗೆ ಸಿಕ್ಕಿಕೊಂಡರು. ಅವರನ್ನು ತರಲು ಇಳಿದವರ ಮೇಲೆ ಸ್ಫೋಟ ಎರಗಿತು. ಒಟ್ಟು 32 ಜನ ಸತ್ತರು. ಬಿಡಿಸಲು ಇಳಿದವರಲ್ಲಿ ಗಣಿಯ ಯಜಮಾನ ವಿಲಿಯಂ ಸ್ಟ್ರಾಟ್‌ಫರ್ಡ್ ಡಗ್‌ಡೇಲ್ ಕೂಡ ಇದ್ದ. ಸುಟ್ಟಗಾಯಗಳಿಂದ ಕೆಲವೇ ದಿನಗಳಲ್ಲಿ ತೀರಿಕೊಂಡ.

ಇಂಥ ದುರಂತಗಳಿಗೆ ಸ್ಮಾರಕಗಳಿವೆ. ಆದರೆ ಗಣಿಯಿಂದ ನಿಧಾನವಾಗಿ, ಮನೆಯ ಮಂಚದ ಮೇಲೆ, ದಮ್ಮು ಕಟ್ಟಿ ಸತ್ತವರು ಇದಕ್ಕಿಂತ ಎಷ್ಟೋ ಹೆಚ್ಚು. ಅವರ ಚರಿತ್ರೆಯಲ್ಲಿ ನನ್ನಂಥ ವೈದ್ಯರೂ ಪಾತ್ರಧಾರಿಗಳು. ಆ ಪಾತ್ರ ಹೆಮ್ಮೆಪಡುವಂಥದ್ದಲ್ಲ.

ಹದಿನಾಲ್ಕರ ಹುಡುಗ

ನಮ್ಮ ಹಿರಿಯರು 1932ರಲ್ಲಿ ಡರಂ ಜಿಲ್ಲೆಯ ಒಂದು ಗಣಿ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಗಣಿ ಕಾರ್ಮಿಕ, ಅಜ್ಜನೂ ಅದೇ. ಹದಿನಾಲ್ಕು ತುಂಬಿದಾಗ, 1946ರಲ್ಲಿ, ಶಾಲೆ ಬಿಟ್ಟು ಗಣಿಗೆ ಸೇರಿದರು. ಮೊದಲ ಕೆಲಸ ನೆಲದ ಮೇಲೆ: ಸಾಗುವ ಪಟ್ಟಿಯ ಎದುರು ನಿಂತು ಕಲ್ಲಿದ್ದಲಿನಿಂದ ಕಲ್ಲು ಆರಿಸುವುದು. ನಮ್ಮಲ್ಲಿ ಅಕ್ಕಿ ಆರಿಸುವ ಹಾಗೆ, ಆದರೆ ಕಿವಿಗಡಚಿಕ್ಕುವ ಸದ್ದಿನಲ್ಲಿ, ಕರಿಯ ಮೋಡದಂಥ ಧೂಳಿನಲ್ಲಿ. ಆಮೇಲೆ ನೆಲದಡಿಯಲ್ಲಿ ಕುಳ್ಳ ಕುದುರೆ ಹೊಡೆಯುವ ಕೆಲಸ. ಕತ್ತಲಲ್ಲಿ ತನಗಿಂತ ಚೆನ್ನಾಗಿ ದಾರಿ ತಿಳಿದಿದ್ದ ಆ ಕುದುರೆಯ ಹೆಸರು ಎಪ್ಪತ್ತು ದಾಟಿದ ಮೇಲೂ ಅವರಿಗೆ ನೆನಪಿತ್ತು.

1947ರ ಜನವರಿ 1ರಂದು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣಗೊಂಡವು. ಸುಮಾರು ಏಳು ಲಕ್ಷ ಕೆಲಸಗಾರರು ಖಾಸಗಿ ಯಜಮಾನರ ಕೈಯಿಂದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಕೆಳಗೆ ಬಂದರು. ಗಣಿ ಗಣಿಯಲ್ಲಿ ಬಾವುಟ ಏರಿಸಿದರು. ಹಿರಿಯರು ಆಗ ಜನರ ಕಾಲುಗಳ ನಡುವೆ ನುಗ್ಗಿ ನೋಡಿದ ಹುಡುಗ. "ಅಪ್ಪ ಅಳುತ್ತಿದ್ದ, ನಾನು ಮೊದಲ ಸಲ ನೋಡಿದ್ದು," ಎಂದು ಒಮ್ಮೆ ಆಲೂಗಡ್ಡೆ ಅಗೆಯುತ್ತಾ ಹೇಳಿದರು. ನಮ್ಮ ಸ್ವಾತಂತ್ರ್ಯದ ದಿನಕ್ಕೆ ಏಳೂವರೆ ತಿಂಗಳು ಮೊದಲು. ನನ್ನ ತಂದೆ ಆಗಸ್ಟ್ 15ರ ಬಗ್ಗೆ ಹೇಳುತ್ತಿದ್ದುದು ಇದೇ ದನಿಯಲ್ಲಿ.

ಮದುವೆ 1955ರಲ್ಲಿ. 1960ರ ದಶಕದಲ್ಲಿ ಡರಂ, ಸ್ಕಾಟ್ಲೆಂಡ್‌ಗಳ ಹಳೆಯ ಗಣಿಗಳು ಒಂದೊಂದಾಗಿ ಮುಚ್ಚಿದಾಗ ಮಂಡಳಿಯವರು ಕೆಲಸಗಾರರನ್ನು ಕಲ್ಲಿದ್ದಲು ಇನ್ನೂ ಧಾರಾಳವಾಗಿದ್ದ ಮಧ್ಯ ಇಂಗ್ಲೆಂಡಿಗೆ ವರ್ಗಾಯಿಸಿದರು. 1965ರಲ್ಲಿ ಹೆಂಡತಿ, ಮೂರು ಮಕ್ಕಳು, ಒಂದು ಹೊಲಿಗೆ ಯಂತ್ರದೊಂದಿಗೆ ಹಿರಿಯರು ಕೆರ್ಸ್‌ಲಿಯ ಕಾವೆಂಟ್ರಿ ಗಣಿಗೆ ಬಂದರು. ಅವರ ಉಚ್ಚಾರ ಇಲ್ಲಿಯವರಿಗೆ ತಿಳಿಯುತ್ತಿರಲಿಲ್ಲ, ಇಲ್ಲಿಯ ಮಾತು ಅವರ ಹೆಂಡತಿಗೆ ಅಂಗಡಿಯಲ್ಲಿ ಅರ್ಥವಾಗುತ್ತಿರಲಿಲ್ಲ. ಇದನ್ನು ಕೇಳಿ ನನಗೆ ನಗು ಬಂತು. ಅದೇ ಕಥೆಯನ್ನು ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಕೇಳಿಲ್ಲ!

ಬಿಲ್ಲೆ ಮತ್ತು ಲಕೋಟೆ

ಪ್ರತಿ ಕಾರ್ಮಿಕನಿಗೂ ಒಂದು ಸಂಖ್ಯೆ, ಆ ಸಂಖ್ಯೆ ಕೆತ್ತಿದ ಹಿತ್ತಾಳೆಯ ಬಿಲ್ಲೆ. ಇಳಿಯುವಾಗ ಬಿಲ್ಲೆ ಕೊಡಬೇಕು, ಮೇಲೆ ಬಂದಾಗ ಲೆಕ್ಕ ತಾಳೆಯಾಗಬೇಕು. ತಾಳೆಯಾಗದಿದ್ದರೆ ಯಾರೋ ಒಳಗೇ ಇದ್ದಾರೆ ಎಂದರ್ಥ. ಬೆಂಕಿಕಡ್ಡಿ, ಸಿಗರೇಟು ಒಯ್ಯುವಂತಿಲ್ಲ. ಗಣಿಯೊಳಗೆ ಮೀಥೇನ್ ಅನಿಲ ಸೇರಿಕೊಳ್ಳುವುದರಿಂದ ಒಂದು ಕಿಡಿ ಸಾಕು. ಜೇಬು ತಪಾಸಣೆಯೂ ಇತ್ತು. ಹಾಗಾಗಿ ಬಹಳ ಜನ ಹೊಗೆಸೊಪ್ಪು ಅಗಿಯುತ್ತಿದ್ದರು. ಬಾಯಿ ಒಣಗದಂತೆಯೂ ಆಯಿತು, ಧೂಳು ಉಗುಳಲೂ ಆಯಿತು. ಈ ಸಂಗತಿಯನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಗಣಿಯಲ್ಲೇ ಸ್ನಾನದ ಮನೆಗಳು ಬರುವ ಮೊದಲು ಗಂಡಸರು ಕರಿಮೈಯಲ್ಲೇ ಮನೆಗೆ ಬರುತ್ತಿದ್ದರು. ಒಲೆಯ ಮುಂದೆ ತಗಡಿನ ತೊಟ್ಟಿಯಿಟ್ಟು ನೀರು ಕಾಯಿಸಿ ಬೆನ್ನುಜ್ಜುವುದು ಹೆಂಡತಿಯ ಕೆಲಸ. ಮನೆಯಲ್ಲಿ ಬೇರೆ ಬೇರೆ ಪಾಳಿಯ ಇಬ್ಬರು ಮೂವರು ಗಂಡಸರಿದ್ದರೆ ಆಕೆಯ ದಿನಕ್ಕೆ ಆದಿ ಅಂತ್ಯವಿರುತ್ತಿರಲಿಲ್ಲ. 1920ರಲ್ಲಿ ಕಾನೂನಿನಿಂದ ಹುಟ್ಟಿದ ಗಣಿ ಕಾರ್ಮಿಕರ ಕ್ಷೇಮನಿಧಿಯಿಂದ ಸ್ನಾನಗೃಹಗಳು, ಕ್ಲಬ್ಬುಗಳು, ಆಟದ ಬಯಲುಗಳು ಬಂದವು. ಕಾರ್ಮಿಕರ ಚರಿತ್ರೆಯಲ್ಲಿ ಸ್ನಾನಗೃಹ ಸಣ್ಣ ವಿಷಯವೆನಿಸಬಹುದು. ಅವರ ಹೆಂಡತಿಯರ ಚರಿತ್ರೆಯಲ್ಲಿ ಅದು ದೊಡ್ಡ ಅಧ್ಯಾಯ.

ಶುಕ್ರವಾರ ಸಂಬಳದ ಲಕೋಟೆ ಸಿಗುತ್ತಿತ್ತು. ಅದನ್ನು ಒಡೆಯದೆ ತಂದು ಹೆಂಡತಿಯ ಕೈಗಿಡುವವನೇ ಒಳ್ಳೆಯ ಸಂಸಾರಿ ಎಂಬುದು ಗಣಿ ಊರುಗಳ ನಂಬಿಕೆ. ಆಕೆ ಮನೆ ಖರ್ಚು ತೆಗೆದಿಟ್ಟು ಅವನ ಕೈಖರ್ಚಿಗೆ ಕೊಡುವಳು. ನಮ್ಮ ಹಿರಿಯರು ನಲವತ್ತು ವರ್ಷ ಒಂದು ಲಕೋಟೆಯನ್ನೂ ಒಡೆದಿರಲಿಲ್ಲವಂತೆ. "ಎಷ್ಟಿದೆಯೆಂದು ನನಗೆ ಗೊತ್ತಿರುತ್ತಿತ್ತು, ಆದರೆ ಒಡೆಯುವುದು ಅವಳ ಹಕ್ಕು," ಎಂದರು. ರಾತ್ರಿಪಾಳಿ ಮುಗಿಸಿ ಬಂದು ಮಲಗದೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ತಾನು ಹದಿನಾಲ್ಕಕ್ಕೆ ಬಿಟ್ಟ ಶಾಲೆಯ ಗೇಟಿನವರೆಗಾದರೂ ಹೋಗುವುದು ಅವರಿಗೆ ಇಷ್ಟ. ಮಕ್ಕಳಲ್ಲಿ ಒಬ್ಬರೂ ಗಣಿಗೆ ಇಳಿಯಕೂಡದು ಎಂಬುದು ಗಂಡಹೆಂಡಿರ ಒಪ್ಪಂದ. ಒಬ್ಬರೂ ಇಳಿಯಲಿಲ್ಲ.

1984ರ ಮಾರ್ಚಿನಿಂದ 1985ರ ಮಾರ್ಚಿನವರೆಗೆ ನಡೆದ ದೊಡ್ಡ ಮುಷ್ಕರದಲ್ಲಿ ವಾರ್ವಿಕ್‌ಷೈರಿನ ಕಾರ್ಮಿಕರು ಒಡೆದುಹೋದರು. ಕೆಲವರು ಹೊರಗೆ ಕುಳಿತರು, ಕೆಲವರು ಕೆಲಸಕ್ಕೆ ಹೋದರು. ನಾನು ಈ ದೇಶಕ್ಕೆ ಬಂದದ್ದು ಆ ಚಳಿಗಾಲದಲ್ಲೇ. ಪೇಟೆಬೀದಿಯಲ್ಲಿ ಬಕೆಟ್ ಹಿಡಿದು ಗಣಿ ಕುಟುಂಬಗಳಿಗೆ ಆಹಾರ, ಹಣ ಕೂಡಿಸುವವರನ್ನು ಕಂಡು, ಇಂಗ್ಲೆಂಡಿನಲ್ಲೂ ಹೀಗುಂಟೇ ಎಂದು ಬೆರಗಾಗಿದ್ದೆ. ಹಿರಿಯರು ಇಡೀ ವರ್ಷ ಹೊರಗಿದ್ದರು. ಅವರ ಹೆಂಡತಿಯ ತಮ್ಮ ನಡುವೆಯೇ ಕೆಲಸಕ್ಕೆ ಮರಳಿದ. ಎರಡು ಮನೆಗಳ ನಡುವೆ ಹತ್ತು ವರ್ಷ ಮಾತಿರಲಿಲ್ಲ. ಇದರ ಬಗ್ಗೆ ಅವರು ಹೇಳಿದ್ದು ಇಷ್ಟೇ: "ಅವನಿಗೂ ಮಕ್ಕಳಿದ್ದರು."

1986ರಲ್ಲಿ, ನಲವತ್ತು ವರ್ಷದ ದುಡಿಮೆಯ ನಂತರ, ಪರಿಹಾರ ತೆಗೆದುಕೊಂಡು ಕೆಲಸ ಬಿಟ್ಟರು. ಆಗ ಅವರಿಗೆ 54. ಆಗಲೇ ಮಹಡಿ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲಬೇಕಾಗುತ್ತಿತ್ತು.

ವೈದ್ಯರು ಕೇಳದ ಪ್ರಶ್ನೆ

ಇನ್ನು ನನ್ನ ಕಥೆ. ಬೆಂಗಳೂರಿನಲ್ಲಿ ವೈದ್ಯಕೀಯ ಓದುವಾಗ ಧೂಳಿನ ಕಾಯಿಲೆ ಎಂದರೆ ನಮಗೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೈಹಾಕಿದ ಆ ಗಣಿಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದವು. ಅಲ್ಲಿನ ಬಂಡೆಯಲ್ಲಿ ಸಿಲಿಕಾ ಹೆಚ್ಚು. ಅದನ್ನು ಕೊರೆದಾಗ ಏಳುವ ಧೂಳು ಶ್ವಾಸಕೋಶದಲ್ಲಿ ಗಂಟುಗಂಟಾಗಿ ಗಾಯದ ಕಲೆ ಕಟ್ಟುತ್ತದೆ; ಅದೇ ಸಿಲಿಕೋಸಿಸ್. ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಎಕ್ಸ್‌ರೇಯಲ್ಲಿ ಕಂಡರೆ ಗಣಿಯ ಕಾಯಿಲೆ, ಕಾಣದಿದ್ದರೆ ಅಲ್ಲ ಎಂಬ ಸರಳ ಪಾಠ ಕಲಿತು ನಾನು ಇಲ್ಲಿಗೆ ಬಂದೆ.

ಇಲ್ಲಿಯೂ ಅದೇ ಪಾಠ ನಡೆಯುತ್ತಿತ್ತು. ಕಲ್ಲಿದ್ದಲು ಧೂಳಿನ ನ್ಯೂಮೊಕೋನಿಯೋಸಿಸ್‌ಗೆ 1943ರಿಂದಲೇ ಪರಿಹಾರವಿತ್ತು, ಆದರೆ ಅದನ್ನು ತೀರ್ಮಾನಿಸುತ್ತಿದ್ದುದು ಎಕ್ಸ್‌ರೇ. ಗಣಿ ಕಾರ್ಮಿಕರಲ್ಲಿ ಅದಕ್ಕಿಂತ ಸಾಮಾನ್ಯವಾಗಿದ್ದುದು ದೀರ್ಘಕಾಲದ ಬ್ರಾಂಕೈಟಿಸ್ ಮತ್ತು ಎಂಫಿಸೀಮಾ: ಶ್ವಾಸನಾಳ ಕಫದಿಂದ ಕಿರಿದಾಗುವುದು, ಗಾಳಿಚೀಲಗಳು ಹರಿದು ಸಡಿಲವಾಗುವುದು. ಇವು ಎಕ್ಸ್‌ರೇಯಲ್ಲಿ ಗಂಟುಗಳಾಗಿ ಕಾಣುವುದಿಲ್ಲ. ಸಿಗರೇಟಿನಿಂದಲೂ ಬರುತ್ತವೆ. ಬಹುಪಾಲು ಕಾರ್ಮಿಕರು ಸಿಗರೇಟು ಸೇದುತ್ತಿದ್ದರು. ಅಲ್ಲಿಗೆ ಕೇಸು ಮುಗಿಯಿತು.

1980ರ ದಶಕದ ಕೊನೆಯಲ್ಲಿ ಎದೆರೋಗದ ಹೊರರೋಗಿ ವಿಭಾಗದಲ್ಲಿ ನಾನು ಒಬ್ಬ ಐವತ್ತರ ಗಣಿ ಕಾರ್ಮಿಕನನ್ನು ನೋಡಿದೆ. ಎಕ್ಸ್‌ರೇಯಲ್ಲಿ ಧೂಳಿನ ಗುರುತಿಲ್ಲ. ಹೆಂಡತಿ ಮಗಳ ಎದುರೇ, ನಿಮ್ಮ ಈ ಸ್ಥಿತಿಗೆ ನಿಮ್ಮ ಸಿಗರೇಟೇ ಕಾರಣ ಎಂದು ಹೇಳಿದೆ. ಆತ ತಲೆ ತಗ್ಗಿಸಿದ. ಆತನ ಹೆಂಡತಿ ಮಾತ್ರ ಮೆಲ್ಲಗೆ, "ಡಾಕ್ಟರೇ, ಅವರು ದಿನದ ಎಂಟು ಗಂಟೆ ಇರುವ ಜಾಗದಲ್ಲಿ ಸಿಗರೇಟು ಹಚ್ಚುವ ಹಾಗೇ ಇಲ್ಲ," ಎಂದರು. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಪತ್ರದಲ್ಲಿ "ಧೂಮಪಾನಿ" ಎಂದು ಬರೆದು ಮುಂದಿನ ರೋಗಿಯನ್ನು ಕರೆದೆ. ಎಷ್ಟು ವರ್ಷ, ಯಾವ ಗಣಿ, ಕಲ್ಲಿದ್ದಲು ಕಡಿಯುವ ಮುಖದಲ್ಲೋ ಬೇರೆಡೆಯೋ, ಒಂದನ್ನೂ ಕೇಳಿರಲಿಲ್ಲ.

ರೋಗಿಯನ್ನು ನೋಡುವಾಗ "ನೀನು ಏನು ಕೆಲಸ ಮಾಡುತ್ತೀಯೆ" ಎಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಜ್ಜೀನಿ ತನ್ನ ಕಸುಬಿನ ಕಾಯಿಲೆಗಳ ಗ್ರಂಥದಲ್ಲಿ ಬೋಧಿಸಿದ್ದ. ಆ ಗ್ರಂಥ ಬಂದದ್ದು 1700ರಲ್ಲಿ. ಧೂಳು ಹೆಚ್ಚು ಕುಡಿದಷ್ಟೂ ಕಾರ್ಮಿಕನ ಉಸಿರಿನ ಬಲ ಕುಗ್ಗುತ್ತದೆ, ಸಿಗರೇಟು ಸೇದದವನಲ್ಲಿಯೂ, ಎಂದು ಬ್ರಿಟಿಷ್ ಗಣಿ ಕಾರ್ಮಿಕರನ್ನೇ ವರ್ಷಗಟ್ಟಲೆ ಅಳೆದ ಸಂಶೋಧನೆ ಪ್ರಕಟವಾದದ್ದು 1973ರಲ್ಲಿ. ನಾನು ಆ ಪತ್ರ ಬರೆಯುವ ಹೊತ್ತಿಗೆ ಇದು ಗ್ರಂಥಾಲಯದಲ್ಲಿತ್ತು. ನಾನು ಓದಿರಲಿಲ್ಲ.

ಕಾಗದಗಳ ಪೆಟ್ಟಿಗೆ

ಸರ್ಕಾರ 1993ರಲ್ಲಿ ಗಣಿ ಕಾರ್ಮಿಕರ ಬ್ರಾಂಕೈಟಿಸ್, ಎಂಫಿಸೀಮಾಗಳನ್ನು ಕಸುಬಿನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಷರತ್ತು ಬಿಗಿಯಾಗಿತ್ತು: ನೆಲದಡಿಯಲ್ಲಿ ಇಪ್ಪತ್ತು ವರ್ಷ ದುಡಿದಿರಬೇಕು, ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ, ಆ ವಯಸ್ಸಿನ ಆ ಎತ್ತರದ ಮನುಷ್ಯನಲ್ಲಿ ಇರಬೇಕಾದುದಕ್ಕಿಂತ ಒಂದು ಲೀಟರಿನಷ್ಟು ಕಡಿಮೆ ಇರಬೇಕು, ಜೊತೆಗೆ ಎಕ್ಸ್‌ರೇಯಲ್ಲಿ ಧೂಳು ಕಾಣಬೇಕು. ಈ ಎಕ್ಸ್‌ರೇ ಷರತ್ತನ್ನು 1997ರಲ್ಲಿ ಬಿಟ್ಟರು. 1998ರ ಜನವರಿಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಟರ್ನರ್ ಅವರು, ಧೂಳು ತಗ್ಗಿಸಲು ಮಾಡಬಹುದಾದುದನ್ನು ಮಂಡಳಿ ಮಾಡಲಿಲ್ಲವೆಂದು ತೀರ್ಪಿತ್ತರು. ಆಮೇಲೆ ನಡೆದ ಪರಿಹಾರ ಯೋಜನೆಗೆ ಸುಮಾರು 5,90,000 ಅರ್ಜಿಗಳು ಬಂದವು. ಸತ್ತವರ ಪರವಾಗಿ ವಿಧವೆಯರೂ ಮಕ್ಕಳೂ ಅರ್ಜಿ ಹಾಕಬಹುದಿತ್ತು.

ಹಿರಿಯರು ಆ ಹೊತ್ತಿಗೆ ಲೆಮಿಂಗ್ಟನ್ನಿನಲ್ಲಿ ಮಗಳ ಮನೆಗೆ ಬಂದಿದ್ದರು. ಅರ್ಜಿ ಹಾಕಲು ಮನಸ್ಸಿರಲಿಲ್ಲ. ಸಿಕ್ಕರೂ ಅನುಭವಿಸಲು ನಾನೆಷ್ಟು ದಿನ ಎನ್ನುತ್ತಿದ್ದರು. ಮಗಳು ಅಲಾಟ್‌ಮೆಂಟಿನ ಬೇಲಿಯ ಬಳಿ ನನ್ನನ್ನು ತಡೆದು, ಕಾಗದಪತ್ರ ನೋಡಿಕೊಡುತ್ತೀರಾ ಎಂದು ಕೇಳಿದಳು. ಒಂದು ಭಾನುವಾರ ಅವರ ಅಡುಗೆಮನೆಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ತೆರೆದಾಗ ನನಗೆ ಕಂಡದ್ದು ಅವರ ಹೆಂಡತಿಯ ಲೆಕ್ಕದ ಪುಸ್ತಕಗಳು. ಪ್ರತಿ ಶುಕ್ರವಾರದ ಲಕೋಟೆಯ ಮೊತ್ತ, ಆ ವಾರದ ಪಾಳಿ, ಯಾವ ಕೆಲಸ. 1970ರ ದಶಕದ ನಂತರ ಅಂಚಿನಲ್ಲಿ ಇನ್ನೊಂದು ಬಗೆಯ ಟಿಪ್ಪಣಿ: "ರಾತ್ರಿ ಕುಳಿತೇ ಇದ್ದರು", "ಮೂರು ದಿಂಬು", "ಕಿಟಕಿ ತೆರೆಸಿದರು". ಉಸಿರು ಕುಗ್ಗುತ್ತ ಬಂದ ಇಪ್ಪತ್ತು ವರ್ಷಗಳ ದಾಖಲೆ ಅದು. ಅಂಥದ್ದನ್ನು ಯಾವ ಆಸ್ಪತ್ರೆಯ ಫೈಲಿನಲ್ಲಿಯೂ ನಾನು ಕಂಡಿರಲಿಲ್ಲ.

ಅದೇ ಡಬ್ಬಿಯಲ್ಲಿ 1980ರ ದಶಕದ ಒಬ್ಬ ತಜ್ಞ ವೈದ್ಯರ ಪತ್ರದ ಪ್ರತಿಯೂ ಇತ್ತು. ಎಕ್ಸ್‌ರೇ ಶುದ್ಧವಾಗಿದೆ, ರೋಗಿ ಧೂಮಪಾನಿ, ಬುದ್ಧಿ ಹೇಳಲಾಗಿದೆ. ಸಹಿ ನನ್ನದಲ್ಲ, ಭಾಷೆ ನನ್ನದೇ. ಹಿರಿಯರು ನನ್ನ ಮುಖ ನೋಡಿದರು. ನಾನು ಹಳೆಯ ಸಂಗತಿಯನ್ನು, ಆ ಹೆಂಗಸಿನ ಮಾತನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಆಕೆ ಹೇಳಿದ್ದನ್ನು ಮರೆತಿಲ್ಲವಲ್ಲ," ಎಂದು ಟೀ ಬಗ್ಗಿಸಿದರು. ಅದು ಕ್ಷಮೆಯೆಂದು ನಾನು ಹೇಳಲಾರೆ. ಕ್ಷಮಿಸಬೇಕಾದವರು ಅವರಾಗಿರಲಿಲ್ಲ.

ಅರ್ಜಿ 2005ರಲ್ಲಿ ಇತ್ಯರ್ಥವಾಯಿತು. ಸಿಗರೇಟಿನ ಪಾಲು ಕಳೆದರು. ಕಾನೂನಿನ ಪ್ರಕಾರ ಮಂಡಳಿಯ ಹೊಣೆ 1954ರ ಜೂನಿನಿಂದ ಮಾತ್ರ. ಹಾಗಾಗಿ 1946ರಿಂದ ಎಂಟು ವರ್ಷ, ಕಲ್ಲು ಆರಿಸಿದ, ಕುದುರೆ ಹೊಡೆದ ಹುಡುಗ ಕುಡಿದ ಧೂಳು ಲೆಕ್ಕಕ್ಕೆ ಬರಲಿಲ್ಲ. "ಧೂಳು ಕ್ಯಾಲೆಂಡರ್ ನೋಡಿ ಒಳಗೆ ಹೋಯಿತೇ?" ಎಂದು ಹಿರಿಯರು ನಕ್ಕರು, ನಗು ಕೆಮ್ಮಾಯಿತು. ಬಂದ ಚೆಕ್ಕಿನ ಲಕೋಟೆಯನ್ನು ಒಡೆಯದೆ ಹೆಂಡತಿಯ ಕೈಗೆ ಕೊಟ್ಟರು.

2008ರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎಪ್ಪತ್ತಾರು ವರ್ಷ. ಕಸುಬಿನ ಕಾಯಿಲೆಯ ಶಂಕೆಯಿರುವ ಸಾವನ್ನು ಕಾರೊನರ್ ವಿಚಾರಿಸಬೇಕು. ವಿಚಾರಣೆಯಾಗಿ ಮರಣದಾಖಲೆಯಲ್ಲಿ ಗಣಿಯ ಧೂಳಿನ ಉಲ್ಲೇಖ ಬಂತು. ಅವರ ಹೆಂಡತಿ ಅದನ್ನು ಎರಡು ಸಲ ಓದಿಸಿ ಕೇಳಿದರು.

ಉಳಿದದ್ದು

ವಾರ್ವಿಕ್‌ಷೈರಿನ ಕೊನೆಯ ಗಣಿ, ಆರ್ಲಿ ಬಳಿಯ ಡಾ ಮಿಲ್, 2013ರ ಫೆಬ್ರವರಿಯ ಬೆಂಕಿಯ ನಂತರ ಮುಚ್ಚಿತು. ಸುಮಾರು 650 ಜನ ಅಲ್ಲಿ ದುಡಿಯುತ್ತಿದ್ದರು. ದೇಶದ ಕೊನೆಯ ಆಳದ ಗಣಿ, ಯಾರ್ಕ್‌ಷೈರಿನ ಕೆಲಿಂಗ್ಲಿ, 2015ರ ಡಿಸೆಂಬರಿನಲ್ಲಿ. ಕಲ್ಲಿದ್ದಲಿನಿಂದ ವಿದ್ಯುತ್ ಮಾಡುತ್ತಿದ್ದ ಕೊನೆಯ ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಿತು. ಅದೇ ವರ್ಷದ ಬಜೆಟ್ಟಿನಲ್ಲಿ ಪಿಂಚಣಿ ನಿಧಿಯ 150 ಕೋಟಿ ಪೌಂಡನ್ನು ಕಾರ್ಮಿಕರಿಗೆ ಮರಳಿಸಲು ಒಪ್ಪಿದರು. ಹಿರಿಯರ ಹೆಂಡತಿ ಅಷ್ಟರಲ್ಲಿ ಇರಲಿಲ್ಲ. ಕೆರ್ಸ್‌ಲಿ ಗಣಿಯಿದ್ದ ಜಾಗದಲ್ಲಿ ಇಂದು ದೊಡ್ಡ ಗೋದಾಮುಗಳು. ನಮ್ಮ ಆನ್‌ಲೈನ್ ಪಾರ್ಸೆಲ್ಲುಗಳು ಅಂಥ ಗೋದಾಮುಗಳಿಂದಲೇ ಬರುತ್ತವೆ. ಕೋಲಾರದ ಗಣಿಗಳು 2001ರಲ್ಲೇ ಮುಚ್ಚಿದವು. ಸೈನೈಡ್ ಮಣ್ಣಿನ ಗುಡ್ಡಗಳು ಇನ್ನೂ ಅಲ್ಲಿವೆ, ಕೆಮ್ಮುವ ಹಿರಿಯರೂ ಇದ್ದಾರೆ.

ನಮ್ಮ ಸಂಘದಲ್ಲಿ ಕೆಜಿಎಫ್ ಮೂಲದ ಮನೆಗಳಿವೆ. ಈ ಊರುಗಳ ಎರಕದ ಕಾರ್ಖಾನೆಗಳಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿದವರ ಮಕ್ಕಳೂ ಇದ್ದಾರೆ. ಅವರಿಗೆ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಏನು ಕೆಲಸ ಮಾಡಿದಿರಿ, ಎಲ್ಲಿ, ಎಷ್ಟು ವರ್ಷ, ಸುತ್ತ ಏನಿತ್ತು, ಹೊಗೆಯೋ ಧೂಳೋ ಸದ್ದೋ. ದಿನಾಂಕ ಹಾಕಿ ಬರೆದಿಡಿ, ಅವರ ವೈದ್ಯರಿಗೂ ಒಂದು ಪ್ರತಿ ಕೊಡಿ. ಕೇಳಬೇಕಾದ ನಾವು ಕೇಳದೆ ಹೋದದ್ದುಂಟು.

ಪಕ್ಕದ ತೋಟವನ್ನು ಈಗ ಹಿರಿಯರ ಮಗಳು ನೋಡಿಕೊಳ್ಳುತ್ತಾಳೆ. ಗುಡಿಸಲಿನ ಬಾಗಿಲಿನ ಮೊಳೆಗೆ ಅಪ್ಪನ ಹಿತ್ತಾಳೆಯ ಬಿಲ್ಲೆ ತೂಗುಹಾಕಿದ್ದಾಳೆ. ಸಂಜೆ ಮನೆಗೆ ಹೋಗುವಾಗ ಅದನ್ನು ಒಮ್ಮೆ ಮುಟ್ಟಿ ಹೋಗುತ್ತಾಳೆ.